ಕೆರೆ ದಾರಿಯ ಎರೆ ಮಣ್ಣು

ನಮ್ಮೂರಿನಲ್ಲಿ ಬೇಳೆ ಬೇಯುವುದು ಕೆರೆಯ ನೀರಿನಲ್ಲಿ ಮಾತ್ರ. ಮುಂದೆ ಹೇಳುವುದೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿರುವುದರಿಂದ ಅದನ್ನೇ ಮೊದಲು ಹೇಳಿಬಿಡುತ್ತೇನೆ. ನವಲಗುಂದದ ಸುತ್ತಿನ ಈ ಕಪ್ಪು ಮಣ್ಣಿನ ಎರೆ ಸೀಮೆಯಲ್ಲಿ ನೆಲದೊಳಗಿನ ನೀರು ಸವಳು, ಉಪ್ಪುಪ್ಪು. ಬಾವಿ ತೋಡಿದರೂ ಸವಳು, ಬೋರು ಕೊರೆದರೂ ಸವಳು. ಆ ನೀರಿನಲ್ಲಿ ಸಾಬೂನು ನೊರೆ ಬಿಡುವುದಿಲ್ಲ. ತೊಗರಿ ಬೇಳೆಯನ್ನು ಹಾಕಿ ಒಲೆಯ ಮೇಲಿಟ್ಟರೆ ಮಧ್ಯಾಹ್ನದವರೆಗೂ ಕುದಿಯುತ್ತದೆ, ಹಾಕಿದಾಗ ಹೇಗಿತ್ತೋ ಹಾಗೇ ಇರುತ್ತದೆ. ಮನೆಗಳಿಗೆ ನಲ್ಲಿ ಬಂದಿದೆ. ನಲ್ಲಿಗೆ ನೀರು ಬರುವುದು ಅದಕ್ಕೆ ಮನಸ್ಸಾದಾಗ, ಬಂದರೂ ಬೋರಿನದೇ. ಆದ್ದರಿಂದ ಕುಡಿಯಲು ಮತ್ತು ಅಡುಗೆಗೆ ಇಂದಿಗೂ ಕೆರೆಯೇ ಗತಿ. ಮಳೆ ಒಂದಿಷ್ಟು ತುಂಬಿಸುತ್ತದೆ, ಕಾಲುವೆಗೆ ನೀರು ಬಿಟ್ಟಾಗ ಉಳಿದದ್ದು ತುಂಬುತ್ತದೆ. ತುಂಬಿದ್ದು ಬೇಸಿಗೆ ದಾಟಬೇಕು.

ಇಂಥ ನೀರಿಗೆ ನಡಾವಳಿಯಿದೆ. ಚಪ್ಪಲಿಯನ್ನು ಏರಿಯ ಕೆಳಗಿನ ಬೇವಿನ ಮರದ ಬುಡದಲ್ಲಿ ಬಿಡಬೇಕು. ಕೆರೆಗಿಳಿಯುವ ಪಾವಟಿಗೆಗಳಲ್ಲಿ ಒಣಗಿದ ಕೊನೆಯ ಮೆಟ್ಟಿಲ ಮೇಲೆ ನಿಂತು, ಬಗ್ಗಿ, ಕೊಡ ತುಂಬಬೇಕು. ಹೆಬ್ಬೆರಳು ಸಹ ನೀರಿಗೆ ತಾಗಬಾರದು. ದನಗಳಿಗೆ ಬೇರೆ ಹೊಂಡವಿದೆ, ಬಟ್ಟೆಗೆ ಹಳ್ಳವಿದೆ. ಇವನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ. ಬರೆದಿಟ್ಟ ನಿಯಮಗಳನ್ನು ಊರುಗಳು ಹೇಗೆ ಪಾಲಿಸುತ್ತವೆ ಎಂಬುದನ್ನು ಸರಕಾರಿ ನರ್ಸಾಗಿ ಸೇವೆಯುದ್ದಕ್ಕೂ ಕಂಡವಳು ನಾನು. ಬರೆಯದೆ ಬಿಟ್ಟಿದ್ದರಿಂದಲೇ ಇವು ಉಳಿದಿದ್ದವು ಎಂದು ನನ್ನ ನಂಬಿಕೆ.

ನಿವೃತ್ತಿಯಾದ ಮೇಲೂ ನನ್ನ ದಿನಚರಿ ನಿವೃತ್ತಿಯಾಗಲಿಲ್ಲ. ಏಳುವುದು, ಹಾಸಿಗೆ ಮಡಚುವುದು, ಸ್ನಾನ, ಪೂಜೆ, ಕೊಡ. ನೆರೆಮನೆಯ ಗೆಳತಿ ತನ್ನ ಕೊಡವನ್ನು ಹೊಸ್ತಿಲ ಮೇಲೆ ಸಜ್ಜಾಗಿಟ್ಟು ಕಾಯುತ್ತಿರುತ್ತಾಳೆ. ನಾನು ಬರುವುದು ಒಂದು ಗಳಿಗೆ ತಡವಾದರೆ, "ಏನ್ರಿ ಅಕ್ಕಾರ, ಇವತ್ತ ಸೂರ್ಯಾಗ ರಜಾ ಕೊಟ್ಟೀರೇನು?" ಎಂದು ಕೇಳುತ್ತಾಳೆ. ಊರೆಲ್ಲ ನನ್ನನ್ನು ಅಕ್ಕಾರ ಎಂದೇ ಕರೆಯುವುದು. ಅವಳು ನನ್ನ ಓರಗೆಯವಳಾದರೂ ಹಾಗೇ ಕರೆಯುತ್ತಾಳೆ, ಆದರೆ ಅವಳ ಬಾಯಲ್ಲಿ ಅದು ಗೌರವವೋ ಚೇಷ್ಟೆಯೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ಚಳಿಗಾಲದಲ್ಲಿ ಕೆರೆಗೆ ಹೆಬ್ಬಾತುಗಳು ಬರುತ್ತವೆ. ತಲೆಯ ಮೇಲೆ ಕಪ್ಪು ಪಟ್ಟೆ, ಹಿಮಾಲಯ ದಾಟಿ ಬರುತ್ತವಂತೆ. ರಾತ್ರಿ ಹೊಲಕ್ಕಿಳಿದು ಎಳೆಯ ಕಡಲೆ ಗಿಡ ತಿಂದು, ಹಗಲು ನಮ್ಮ ಕೆರೆಯಲ್ಲಿ ವಿಶ್ರಾಂತಿ ಪಡೆಯುತ್ತವೆ. ರೈತರು ಅವಕ್ಕೆ ಕಡ್ಲಿಗಳ್ಳರು ಎಂದು ಹೆಸರಿಟ್ಟು, ಬೈದು, ಸುಮ್ಮನಾಗಿದ್ದರು. ಹಿಮಾಲಯದಿಂದ ಬಂದವರಿಗೆ ಅಷ್ಟಾದರೂ ಮರ್ಯಾದೆ ಬೇಕಲ್ಲ.

ಹೀಗಿರುವಾಗ ನಮ್ಮೂರಿನ ಕಿರಾಣಿ ಅಂಗಡಿಯವನ ಅಳಿಯ ದೀಪಾವಳಿಗೆ ಬಂದ. ಹುಬ್ಬಳ್ಳಿಯವನು. ಹಬ್ಬದ ಹೋಳಿಗೆ ಉಂಡು, ಕೈ ತೊಳೆದು, ಕೆರೆಯ ಏರಿಯ ಮೇಲೆ ನಿಂತು ಫೋನಿನಲ್ಲಿ ಒಂದು ವಿಡಿಯೊ ಮಾಡಿದ. ನೀರು, ಹಕ್ಕಿ, ಮುಳುಗುವ ಸೂರ್ಯ, ಹಿಂದೆ ಕೊಳಲು. "ನೀವು ನೋಡಿರದ ಸ್ವರ್ಗ" ಎಂದು ಅದಕ್ಕೆ ಹೆಸರು. ನನಗೂ ಯಾರೋ ತೋರಿಸಿದರು. ಪ್ರತಿದಿನ ಬೆಳಿಗ್ಗೆ ಕೊಡ ಹಿಡಿದು ಅಲ್ಲಿಗೇ ಹೋಗುತ್ತಿದ್ದ ನಾನೂ ಆ ಸ್ವರ್ಗವನ್ನು ನೋಡಿರಲಿಲ್ಲ.

ಮುಂದಿನ ಭಾನುವಾರ ಒಂದೆರಡು ಕಾರು ಬಂದವು. ಅದರ ಮುಂದಿನ ಭಾನುವಾರ ಏರಿಯ ಮೇಲೆ ಕಾರುಗಳ ಸಾಲು ನಿಂತಿತು. ಯಮನೂರಿನ ದರ್ಗಾಕ್ಕೆ ಬಂದವರು ಹಾಗೇ ಇತ್ತ ಹೊರಳತೊಡಗಿದರು. ಹುಬ್ಬಳ್ಳಿ, ಗದಗ, ಧಾರವಾಡ, ಬೆಂಗಳೂರಿನ ಗಾಡಿಗಳೂ ಬಂದವು. ಬಂದವರು ಚಪ್ಪಲಿ ಸಮೇತ ಪಾವಟಿಗೆ ಇಳಿದರು. ಕೆಳಗಿನ ಮೆಟ್ಟಿಲಲ್ಲಿ ಕುಳಿತು ಕಾಲು ಇಳಿಬಿಟ್ಟರು. ಚುರುಮುರಿ ತಿಂದ ಕಾಗದ, ಬಾಟಲಿ, ಶಾಂಪೂ ಚೀಟಿ. ಶಾಂಪೂ ಏಕೆ ಎಂದು ನನಗೆ ಇವತ್ತಿಗೂ ತಿಳಿದಿಲ್ಲ.

ಒಂದು ಬೆಳಿಗ್ಗೆ ನಾವಿಬ್ಬರೂ ಹೋದಾಗ ಮದುವೆಗೆ ಮುಂಚಿನ ಫೋಟೊ ತೆಗೆಸುವ ಒಂದು ಜೋಡಿ ನಮಗಿಂತ ಮೊದಲೇ ಬಂದಿತ್ತು. ಹುಡುಗಿ ಇಳಕಲ್ ಸೀರೆ ಉಟ್ಟು, ಹೊಳೆಯುವ ಖಾಲಿ ಹಿತ್ತಾಳೆ ಕೊಡವನ್ನು ಸೊಂಟದ ಮೇಲೆ ಇಟ್ಟುಕೊಂಡು, ಮೊಣಕಾಲಿನವರೆಗೆ ನೀರಿನಲ್ಲಿ ನಿಂತಿದ್ದಳು. ಕ್ಯಾಮೆರಾದವನು ನನ್ನ ಗೆಳತಿಗೆ ಕೈ ಮಾಡಿದ.

"ಅಜ್ಜಿ, ಸ್ವಲ್ಪ ಆ ಕಡೆ ಹೋಗಿ. ಹಳ್ಳಿ ಹೆಂಗಸು ನೀರು ತುಂಬೋದು ತೆಗೀತಾ ಇದೀವಿ."

"ಹಂಗಾರ ನಾ ಯಾರಲೇ?" ಎಂದಳು ಗೆಳತಿ.

ಅವಳು ಸರಿಯಲಿಲ್ಲ. ಆ ಮದುವೆಯ ಫೋಟೊಗಳಲ್ಲಿ ಎಲ್ಲೋ ಒಂದು ಮೂಲೆಯಲ್ಲಿ ಪ್ಲಾಸ್ಟಿಕ್ ಕೊಡ ಹಿಡಿದ ಇಬ್ಬರು ಮುದುಕಿಯರು ಸಿಟ್ಟಿನಿಂದ ನಿಂತಿರಬೇಕು.

ಅಂಗಡಿಯವನಿಗೆ ಹೇಳಿದೆವು. ಆತ ತಲೆ ತುರಿಸಿಕೊಂಡ. "ಅಳಿಯಾಗ ಏನಂತ ಬೈಯೂದ್ರಿ ಅಕ್ಕಾರ? ಮಗಳನ್ನ ಕೊಟ್ಟೇನಿ."

"ಮಗಳನ್ನ ಕೊಟ್ಟೀದಿ, ಕೆರೀನೂ ಉಡೀಗೆ ಹಾಕಿ ಕೊಟ್ಟೀಯೇನೋ?" ಎಂದಳು ಗೆಳತಿ.

ಆದರೆ ಮಾತು ಅಲ್ಲಿಗೇ ನಿಂತಿತು. ನಮ್ಮ ಕಡೆ ಒಬ್ಬರ ಅಳಿಯ ಊರಿಗೆಲ್ಲ ಅಳಿಯ. ಊರಿನ ಅಳಿಯನನ್ನು ಊರು ಬೈಯುವುದಿಲ್ಲ, ಬೆನ್ನ ಹಿಂದೆ ಮಾತ್ರ ಬೈಯುತ್ತದೆ. ಹೀಗೆ ಬೈಸಿಕೊಳ್ಳುತ್ತಲೇ ಆತ ಮತ್ತೆರಡು ವಿಡಿಯೊ ಮಾಡಿದ. ಅಂಗಡಿಯವನು ಅಂಗಡಿಯ ಮುಂದೆ ಒಂದು ಒಲೆ ಹೂಡಿ ಮಿರ್ಚಿ ಭಜಿ, ಗಿರಮಿಟ್ಟು ಸುರು ಮಾಡಿದ. ಆತ ನಮ್ಮ ಕಷ್ಟಕ್ಕೆ ಮರುಗುತ್ತಲೇ ಇದ್ದ, ಭಜಿ ಕರಿಯುತ್ತಲೂ ಇದ್ದ.

ಮೊದಲ ಉಪಾಯ ನನ್ನದು. ಪಂಚಾಯತಿಯಿಂದ ಕೆರೆ ಕಾಯಲು ಒಬ್ಬ ಮನುಷ್ಯ ಇದ್ದಾನೆ. ಅವನಿಗೆ ಒಂದು ಸೀಟಿ ಕೊಟ್ಟು, ಯಾರಾದರೂ ಚಪ್ಪಲಿ ಹಾಕಿ ಇಳಿದರೆ ಊದು ಎಂದೆ. ಎರಡು ವಾರ ಚೆನ್ನಾಗಿ ಊದಿದ. ಅಷ್ಟರಲ್ಲಿ ಯಾರೋ ಅವನ ಮೀಸೆಯನ್ನು ಮೆಚ್ಚಿ ಫೋಟೊ ತೆಗೆದರು. ಮುಂದಿನ ಭಾನುವಾರ ಅವನು ಹೊಸ ರುಮಾಲು ಸುತ್ತಿಕೊಂಡು ಬಂದ. ಆಮೇಲೆ ಮೀಸೆಗೆ ಎಣ್ಣೆ ಬಂತು. ಸೀಟಿಯನ್ನು ಈಗ ಬಾಯಲ್ಲಿ ಇಟ್ಟುಕೊಳ್ಳುತ್ತಿದ್ದನೇ ಹೊರತು ಊದುತ್ತಿರಲಿಲ್ಲ. ಊದಿದರೆ ಗಲ್ಲ ಉಬ್ಬಿ ಫೋಟೊ ಕೆಡುತ್ತದಂತೆ.

"ಏನಪಾ, ಕೆರಿ ಕಾಯ್ತೀಯೋ, ಮೀಸಿ ಕಾಯ್ತೀಯೋ?" ಎಂದು ಕೇಳಿದೆ.

"ಎರಡೂ ಕಾಯ್ತೇನ್ರಿ ಅಕ್ಕಾರ. ಮಂದಿ ನನ್ನ ಕಡೆ ನೋಡಿದಷ್ಟ ಹೊತ್ತು ನೀರಿಗೆ ಇಳಿಯೂದಿಲ್ಲಲ್ರಿ."

ವಾದದಲ್ಲಿ ಹುರುಳಿತ್ತು. ನೀರಿನಲ್ಲಿ ಕಾಲುಗಳೂ ಇದ್ದವು.

ಊರು ಸಭೆ ಸೇರಿತು. ಮುಂದಿನ ಭಾನುವಾರ ದೊಡ್ಡ ರಸ್ತೆಯಿಂದ ಕೆರೆ ದಾರಿ ಕವಲೊಡೆಯುವ ಕೂಡಿನಲ್ಲಿ ಅಡ್ಡ ಕೂರುವುದೆಂದು ತೀರ್ಮಾನವಾಯಿತು. ವ್ಯವಸ್ಥೆ ನನ್ನ ಮೇಲೆ ಬಿತ್ತು, ಅಥವಾ ನಾನೇ ಎಳೆದುಕೊಂಡೆ. ಯಾರು ಚಕ್ಕಡಿ ತಂದು ಅಡ್ಡ ನಿಲ್ಲಿಸಬೇಕು, ಯಾರು ಜಮಖಾನ ಹಾಸಬೇಕು, ಯಾರು ಯಾವ ಹೊತ್ತಿಗೆ ಘೋಷಣೆ ಕೂಗಬೇಕು, ಎಲ್ಲ ಹಂಚಿಕೊಟ್ಟೆ. ಜೊತೆಗೆ ನನ್ನದೊಂದು ವಿಶೇಷ ಯೋಜನೆಯಿತ್ತು. ಬಂದವರನ್ನು ಬೈಯಬಾರದು. ಒಂದೊಂದು ಲೋಟ ಬೋರಿನ ಸವಳು ನೀರು ಕೊಡಬೇಕು. ಕುಡಿದು ಮುಖ ಕಿವುಚಿದಾಗ ಹೇಳಬೇಕು: ಕೆರೆ ಕೆಟ್ಟರೆ ನಮಗೆ ಉಳಿಯುವುದು ಇದೇ. ಭಾಷಣಕ್ಕಿಂತ ನಾಲಿಗೆ ಬೇಗ ಕಲಿಯುತ್ತದೆ.

ನೀರು ಹಂಚುವ ಕೆಲಸ ಗೆಳತಿಗೆ ಕೊಟ್ಟೆ. ಆಕೆ ಒಪ್ಪಲಿಲ್ಲ.

"ಮನಿಗೆ ಬಂದವರಿಗೆ ಸವಳ ನೀರು ಕೊಡೂದಾ? ನನ್ನ ಕೈಲೆ ಆಗೂದಿಲ್ರಿ."

"ಅವರು ಮನಿಗೆ ಬಂದವರಲ್ಲಬೇ, ಕೆರಿಗೆ ಬಂದವರು."

"ಊರಿಗೆ ಬಂದಾರಿಲ್ಲೋ?"

"ಊರಿಗೆ ಬಂದಿಲ್ಲ. ಊರಿನ ಕಡೆ ಹೊಳ್ಳಿನೂ ನೋಡಿಲ್ಲ. ಸೀದಾ ಕೆರಿಗೆ ಹೋಗತಾರ."

"ಆತು, ನೀವು ಹೇಳಿದಂಗ," ಎಂದಳು ಗೆಳತಿ. ಅವಳು ಅಷ್ಟು ಬೇಗ ಒಪ್ಪಿದಾಗ ನಾನು ಎಚ್ಚರವಾಗಬೇಕಿತ್ತು.

ಭಾನುವಾರ ಎಲ್ಲವೂ ಯೋಜನೆಯಂತೆ ನಡೆಯಿತು. ಚಕ್ಕಡಿ ಅಡ್ಡ ನಿಂತಿತು. ನವಲಗುಂದದ ಹಳೆಯ ಜಮಖಾನ ಹಾಸಿ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಕುಳಿತರು. "ನಮ್ಮ ಕೆರಿ, ನಮ್ಮ ನೀರು" ಎಂದು ಕೂಗುವುದು ಅಭ್ಯಾಸವಾಯಿತು. ಮೊದಲ ಕಾರಿನಿಂದ ನನ್ನ ವಯಸ್ಸಿನ ಒಬ್ಬ ಯಜಮಾನರು, ಅವರ ಹೆಂಡತಿ, ಕೂಸನ್ನು ಎತ್ತಿಕೊಂಡ ಮಗಳು ಇಳಿದರು. ನಾನು ಮುಂದೆ ಹೋಗಿ ನಮಸ್ಕಾರ ಮಾಡಿ, ವಿಷಯ ಹೇಳಿ, "ಮೊದಲ ಈ ನೀರು ಕುಡದ ನೋಡ್ರಿ," ಎಂದೆ. ಗೆಳತಿ ಲೋಟ ಚಾಚಿದಳು. ಯಜಮಾನರು ಒಂದೇ ಗುಟುಕಿಗೆ ಕುಡಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ.

ಮುಖ ಅರಳಿತು.

"ಅಗದಿ ಛಲೋ ಐತಲ್ರಿ! ಏನಿದು? ಇನ್ನೊಂದ ಗ್ಲಾಸ ಕೊಡ್ರಿ."

ನಾನೂ ಒಂದು ಲೋಟ ಕೇಳಿ ಬಾಯಿಗೆ ಹಚ್ಚಿದೆ. ಸವಳಿನ ಮೇಲೆ ಬೆಲ್ಲ. ಬೆಲ್ಲದ ಮೇಲೆ ಒಂದಿಷ್ಟು ಶುಂಠಿ. ಗೆಳತಿಯ ಕಡೆ ನೋಡಿದರೆ ಅವಳು ಚಕ್ಕಡಿಯ ಎತ್ತಿನ ಕಡೆ ನೋಡುತ್ತಿದ್ದಳು. ಉಪ್ಪು, ಸಿಹಿ, ನೀರು. ವಾಂತಿಭೇದಿಯಾದವರಿಗೆ ಹೀಗೆ ಕಲಸಿ ಕುಡಿಸಬೇಕೆಂದು ಮನೆಮನೆಗೆ ಹೋಗಿ ಈ ಊರಿಗೆ ಕಲಿಸಿದವಳೇ ನಾನು. ಎಲ್ಲರೂ ಮರೆತಿದ್ದಾರೆಂದು ಕೊರಗುತ್ತಿದ್ದೆ. ಒಬ್ಬಳಿಗಾದರೂ ನೆನಪಿತ್ತು.

"ಯಾಕಬೇ?" ಎಂದು ಮೆಲ್ಲಗೆ ಕೇಳಿದೆ.

"ಕೂಸಿನ ತಾಯಿ ಐತ್ರಿ. ಸವಳ ಹೆಂಗ ಕೊಡೂದು? ನೀವು ನೀರು ಕೊಡು ಅಂದ್ರಿ, ಬೆಲ್ಲ ಹಾಕಬ್ಯಾಡ ಅಂದಿರಲಿಲ್ಲಲ್ರಿ."

ಊಟದ ಹೊತ್ತಾಯಿತು. ಧರಣಿ ಕುಳಿತವರು ಬುತ್ತಿ ಬಿಚ್ಚಿದರು. ನಮ್ಮ ಸೀಮೆಯಲ್ಲಿ ಇನ್ನೊಬ್ಬರು ನೋಡುತ್ತ ನಿಂತಿರುವಾಗ ಮುರಿದ ರೊಟ್ಟಿ ಯಾರ ಗಂಟಲಲ್ಲೂ ಇಳಿಯುವುದಿಲ್ಲ. ಕಾರುಗಳು ಒಂದರ ಹಿಂದೆ ಒಂದು ನಿಂತಿದ್ದವು, ಮಂದಿ ಬಿಸಿಲಲ್ಲಿ ನಿಂತಿದ್ದರು. ಯಾರು ಮೊದಲು ಕರೆದರೋ ಗೊತ್ತಿಲ್ಲ. "ಬರ್ರಿ, ಒಂದ ತುತ್ತು ಮಾಡ್ರಿ" ಎಂಬ ಮಾತು ಘೋಷಣೆಗಿಂತ ಜೋರಾಗಿ ಕೇಳಿತು. ಯಾರನ್ನು ತಡೆಯಲು ಕುಳಿತಿದ್ದೆವೋ ಅವರು ನಮ್ಮ ಜಮಖಾನದ ಮೇಲೆ ಚಕ್ಕಳಮಕ್ಕಳ ಹಾಕಿ, ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಚಟ್ನಿ, ಮೊಸರು ಉಣ್ಣತೊಡಗಿದರು. ಸಾಲದೆ ಬಂದಾಗ ಹೆಂಗಸರು ಊರೊಳಗೆ ಓಡಿ ಮತ್ತೆ ರೊಟ್ಟಿ ತಂದರು. ಪಂಚಾಯತಿ ಅಧ್ಯಕ್ಷರು ತಾವೇ ನಿಂತು ಚಟ್ನಿ ಬಡಿಸಿದರು. ಉಂಡವರು, "ನಿಮ್ಮ ಹೋರಾಟಕ್ಕ ನಮ್ಮ ಬೆಂಬಲ ಐತ್ರಿ," ಎಂದರು. ಎಂದು, ಎದ್ದು, ಕೈ ತೊಳೆಯಲು ಕೆರೆಗೆ ಹೋದರು.

ಅಳಿಯ ಇದನ್ನೂ ವಿಡಿಯೊ ಮಾಡಿದ.

ಮುಂದಿನ ಭಾನುವಾರ ಬಂದವರ ಪ್ರಶ್ನೆಯೇ ಬೇರೆ. ಸೈಕಲ್ ಮೋಟಾರಿನ ಒಂದು ಗುಂಪು ನನ್ನ ಮನೆಯ ಮುಂದೆ ನಿಂತು ಕೇಳಿತು: "ಅಜ್ಜೀ, ಇಲ್ಲಿ ಹೋರಾಟ ಎಲ್ಲಿ ನಡೀತದ್ರಿ?"

"ಇವತ್ತ ಇಲ್ಲ."

"ಅಯ್ಯ! ಬೆಲ್ಲದ ನೀರು, ರೊಟ್ಟಿ ಎಲ್ಲಾ ಇರತಾವ ಅಂದಿದ್ರು. ನಾವು ನಾಷ್ಟಾ ಸೈತ ಮಾಡದ ಬಂದೀವಿ."

ಅವರನ್ನು ನಾಷ್ಟಾ ಮಾಡಿಸದೆ ಕಳಿಸಿದೆ ಎಂದು ಬರೆಯಲು ಇಷ್ಟವಿತ್ತು. ಆದರೆ ಗೆಳತಿ ಆಗಲೇ ಬಾಗಿಲಲ್ಲಿ ನಿಂತು ಅವಲಕ್ಕಿ ಕಲಸುತ್ತಿದ್ದಳು.

ಇಷ್ಟರವರೆಗೆ ನಗುತ್ತಲೇ ಇದ್ದೆವು. ಒಂದು ಸೋಮವಾರ ಬೆಳಿಗ್ಗೆ ನಗು ನಿಂತಿತು. ಪಾವಟಿಗೆಯ ಹತ್ತಿರ ನೀರಿನ ಮೇಲೆ ಎಣ್ಣೆಯ ತೆಳು ಪದರ ಹೊಳೆಯುತ್ತಿತ್ತು. ಅದರ ನಡುವೆ ಕೂಸಿನ ಹೊಲಸು ತುಂಬಿದ ಒಂದು ಡೈಪರ್ ಉಬ್ಬಿ ತೇಲುತ್ತಿತ್ತು. ಗೆಳತಿ ಒಂದು ಕೋಲು ಹುಡುಕಿ ತಂದು ಅದನ್ನು ದಡಕ್ಕೆ ಎಳೆದಳು, ದೂರ ಒಯ್ದು ತಗ್ಗು ತೋಡಿ ಹೂಳಿದಳು. ಹಿಂದಕ್ಕೆ ಬಂದು ಪಾವಟಿಗೆಯ ಮೇಲೆ ನಿಂತಳು. ಬಗ್ಗಲಿಲ್ಲ. ಕೊಡವನ್ನು ಖಾಲಿಯೇ ಸೊಂಟಕ್ಕೆ ಏರಿಸಿ ಹೊರಟಳು.

ಕೆರೆಯಿಂದ ಖಾಲಿ ಕೊಡ ಹೊತ್ತು ಬರುವುದನ್ನು ನಮ್ಮೂರಿನಲ್ಲಿ ಯಾರೂ ಮಾಡುವುದಿಲ್ಲ. ಅಷ್ಟು ಅಪಶಕುನ. ಮಧ್ಯಾಹ್ನ ಗೆಳತಿ ನನಗೆ ಒಂದು ಬಟ್ಟಲು ಬೇಳೆ ಕಳಿಸಿದಳು. ಬೋರಿನ ನೀರಿನಲ್ಲಿ ಕುದಿಸಿದ್ದು. ಹಲ್ಲಿಗೆ ಕಟಕಟ ಅಂದಿತು. ಯಾವುದೇ ಅರ್ಜಿಯನ್ನು ಇಷ್ಟು ಸ್ಪಷ್ಟವಾಗಿ ಬರೆದದ್ದು ನಾನು ಕಂಡಿಲ್ಲ.

ನಾನು ಮನೆಮನೆಗೆ ಹೋಗಿ ನೀರು ಕುದಿಸಿ ಆರಿಸಿ ಕುಡಿಯಿರಿ ಎಂದು ಹೇಳಿ ಬಂದೆ. ಎಲ್ಲರೂ, "ಹೌದ್ರಿ ಅಕ್ಕಾರ," ಎಂದರು. ಸೇವೆಯಲ್ಲಿದ್ದಾಗಲೂ ಹಾಗೆಯೇ ಅನ್ನುತ್ತಿದ್ದರು.

ಅದೇ ವಾರ ಅಧ್ಯಕ್ಷರು ಪೇಢೆಯ ಪೊಟ್ಟಣ ಹಿಡಿದು ನನ್ನ ಮನೆಗೆ ಬಂದರು. "ಅಕ್ಕಾರ, ನಿಮ್ಮ ಅರ್ಜಿ ಕಡೀಕೂ ಪಾಸಾತ್ರಿ!"

ನನ್ನ ಅರ್ಜಿ ಎಂದರೆ ಕೆರೆ ದಾರಿಯದು. ಕೂಡಿನಿಂದ ಏರಿಯವರೆಗೆ ದಾರಿ ಬರೀ ಎರೆ ಮಣ್ಣು. ಒಣಗಿದರೆ ಕಲ್ಲು, ನೆನೆದರೆ ಅಂಟು. ಮಳೆಗಾಲದಲ್ಲಿ ತುಂಬಿದ ಕೊಡ ಹೊತ್ತು ಅದರಲ್ಲಿ ನಡೆಯುವುದು ಹೆಂಗಸರ ಜೀವ ತಿನ್ನುವ ಕೆಲಸ. ಎಷ್ಟು ಜನ ಜಾರಿ ಬಿದ್ದಿದ್ದಾರೋ. ನನ್ನ ಮಂಡಿಗೆ ಏಟು ಬಿದ್ದದ್ದೂ ಅಲ್ಲಿಯೇ. ಕೆಲಸದಲ್ಲಿದ್ದಾಗಿನಿಂದ ನಾನು ಪ್ರತಿ ಸಭೆಯಲ್ಲೂ ಎದ್ದು ನಿಂತು ಈ ದಾರಿಗೆ ಕಾಂಕ್ರೀಟು ಕೇಳುತ್ತಿದ್ದೆ. ಅಧ್ಯಕ್ಷರು ಬದಲಾದರು, ಕುರ್ಚಿ ಬದಲಾಯಿತು, ನನ್ನ ಮಾತು ಬದಲಾಗಲಿಲ್ಲ. ನೀರು ಹೊರುವ ಹೆಂಗಸರಿಗಾಗಿ ಬಾರದ ರಸ್ತೆ ಈಗ ಹಕ್ಕಿ ನೋಡುವವರಿಗಾಗಿ ಬಂದಿತ್ತು. ಏರಿಯವರೆಗೆ ಸಿಮೆಂಟ್ ರಸ್ತೆ, ಗಾಡಿ ನಿಲ್ಲಿಸಲು ಜಾಗ, ಕೂರಲು ಕಟ್ಟೆ, ಫೋಟೊ ತೆಗೆಸಿಕೊಳ್ಳಲು ಊರಿನ ಹೆಸರಿನ ದೊಡ್ಡ ಅಕ್ಷರಗಳು.

ಪೇಢೆ ತಿಂದೆ. ಸುಳ್ಳು ಹೇಳುವುದಿಲ್ಲ, ಮಂಡಿಗೆ ಸಂತೋಷವಾಯಿತು. ಕೆರೆಯ ಚಿಂತೆ ತಲೆಯಲ್ಲಿತ್ತು, ರಸ್ತೆಯ ಸಂತೋಷ ಮಂಡಿಯಲ್ಲಿತ್ತು. ಎರಡರ ನಡುವೆ ದೂರವಿದೆ.

ಆ ಶನಿವಾರ ಸಂಜೆ ಯಾರೂ ಕರೆಯದ ಒಂದು ಮಳೆ ಬಂತು. ಗುಡುಗಿ, ಒಂದು ತಾಸು ಬಿದ್ದು, ಕುಸುಬಿ ಹೊಲದವರಿಂದ ಬೈಸಿಕೊಂಡು ಹೋಯಿತು. ಭಾನುವಾರ ಬೆಳಿಗ್ಗೆ ನಾವಿಬ್ಬರೂ ಕೆರೆಗೆ ಹೊರಟೆವು. ಎರೆ ಮಣ್ಣು ನೆನೆದರೆ ನಡೆಯುವವರ ಕಾಲಿಗೆ ಇನ್ನೊಂದು ಕಾಲು ಕಟ್ಟುತ್ತದೆ. ಚಪ್ಪಲಿ ಹಾಕಿದರೆ ನಾಲ್ಕು ಹೆಜ್ಜೆಗೆ ಅದು ಮಣ್ಣಿನ ಪಾಲು. ಬರಿಗಾಲಲ್ಲಿ, ಒಬ್ಬರ ಕೈ ಒಬ್ಬರು ಹಿಡಿದು, ಹೆಜ್ಜೆಗೊಮ್ಮೆ ಸರಕಾರವನ್ನು ನೆನೆಯುತ್ತ ಏರಿ ಮುಟ್ಟಿದೆವು.

ಕೆರೆ ಖಾಲಿಯಿತ್ತು. ಎಂದರೆ, ಜನರಿಲ್ಲದೆ ಖಾಲಿ. ಹೆಬ್ಬಾತುಗಳು ನಡುನೀರಿನಲ್ಲಿ ಕೊಕ್ಕನ್ನು ಬೆನ್ನಿಗೆ ಸಿಕ್ಕಿಸಿ ನಿದ್ದೆ ಮಾಡುತ್ತಿದ್ದವು. ರಾತ್ರಿ ಗಾಳಿಗೆ ಎಣ್ಣೆಯ ಪದರ ಚದುರಿ ಹೋಗಿತ್ತು. ಗೆಳತಿ ಬಹಳ ಹೊತ್ತು ನೀರು ನೋಡಿ, ಬಗ್ಗಿ, ಕೊಡ ತುಂಬಿದಳು.

ಮರಳುವಾಗ ಕೂಡಿನ ಬಳಿ ಗದ್ದಲ ಕೇಳಿಸಿತು. ಬಂದ ಕಾರುಗಳೆಲ್ಲ ಮಣ್ಣು ನೋಡಿ ಹೊರಳುತ್ತಿದ್ದವು. ಒಂದು ಮಾತ್ರ ಧೈರ್ಯ ಮಾಡಿ ಇಳಿದು ಬಾಗಿಲವರೆಗೆ ಹೂತು ನಿಂತಿತ್ತು. ಅಳಿಯನ ಕಾರು. ಜೊತೆಗೆ ಸ್ವರ್ಗ ತೋರಿಸಲು ಕರೆತಂದ ಅವನ ಮೇಲಧಿಕಾರಿ. ಮಾವ ಎತ್ತು ಹೊಡೆದುಕೊಂಡು ಬಂದು ಹಗ್ಗ ಕಟ್ಟುತ್ತಿದ್ದ. ಅಳಿಯನ ಹೊಸ ಬೂಟು ಮಣ್ಣಿನೊಳಗೆಲ್ಲೋ ಇತ್ತು.

ಗೆಳತಿ ತುಂಬಿದ ಕೊಡ ಹೊತ್ತೇ ಅವನ ಹತ್ತಿರ ನಿಂತಳು. ಊರಿನ ಅಳಿಯನನ್ನು ಬೈಯುವಂತಿಲ್ಲ. ಅವಳು ಬೈಯಲಿಲ್ಲ.

"ಸ್ವರ್ಗದ ದಾರಿ ಹಿಂಗ ಇರತದ್ರಿ ಅಳಿಯಂದ್ರ. ಬೂಟು ಹಾಕ್ಕೊಂಡು ಯಾರೂ ಹೋಗಿಲ್ಲ."

ಎತ್ತು ಎಳೆದವು, ಕಾರು ಪಚಕ್ ಎಂದು ಮೇಲೆ ಬಂತು. ನಾನು ಆ ಮಣ್ಣಿನ ದಾರಿಯನ್ನು ನೋಡಿದೆ. ಸೀಟಿ ಮಾಡದ್ದನ್ನು, ಚಕ್ಕಡಿ ಮಾಡದ್ದನ್ನು, ಇಡೀ ಊರು ಕೂತು ಮಾಡದ್ದನ್ನು ಅದು ಬಿದ್ದಲ್ಲೇ ಬಿದ್ದು ಮಾಡಿ ಮುಗಿಸಿತ್ತು. ಅದಕ್ಕೆ ಅತಿಥಿ ಸತ್ಕಾರದ ಸಂಕೋಚವಿರಲಿಲ್ಲ. ಅದರ ಮೇಲೆ ಕಾಂಕ್ರೀಟು ಹಾಕಿಸಲು ಇಷ್ಟು ವರ್ಷ ದುಡಿದವಳು ನಾನು.

ಗ್ರಾಮಸಭೆಗೆ ತಾಲೂಕಿನಿಂದ ಒಬ್ಬ ಅಧಿಕಾರಿ ಬಂದಿದ್ದರು. ರಸ್ತೆಗೆ ಊರಿನ ಒಪ್ಪಿಗೆ ಬೇಕಿತ್ತು. ಚಹಾ ಆಗಿ, ಅಧ್ಯಕ್ಷರು ನನ್ನ ಕಡೆ ತಿರುಗಿ, "ನಮ್ಮ ಅಕ್ಕಾರು ಈ ರಸ್ತಾಕ್ಕ ಎಷ್ಟ ಬಡದಾಡ್ಯಾರ ಅಂದ್ರ, ಮೊದಲ ಅವರ ಮಾತಾಡಲಿ," ಎಂದರು.

ನಾನು ಎದ್ದು, "ಈ ರಸ್ತಾ ನಮಗ ಬ್ಯಾಡ್ರಿ," ಎಂದೆ.

ಅಧಿಕಾರಿಗೆ ತಾವು ಬೇರೆ ಊರಿಗೆ ಬಂದೆವೇನೋ ಅನ್ನಿಸಿರಬೇಕು. "ಕೇಳಿದವರೇ ನೀವಲ್ಲವೇ?"

"ಹೌದ್ರಿ. ನೀರು ತರಾಕ ರಸ್ತಾ ಕೇಳಿದ್ದೆ. ಈ ರಸ್ತಾ ಆದ್ರ ತರಾಕ ನೀರ ಇರೂದಿಲ್ಲ. ಬರೇ ರಸ್ತಾ ಇರತದ."

"ಅಕ್ಕಾರ, ರಸ್ತಾ ಬ್ಯಾಡ ಅಂದ್ರ ಸುತ್ತಿನ ಊರವರು ನಗತಾರ್ರಿ," ಎಂದು ಅಧ್ಯಕ್ಷರು ಗೋಗರೆದರು. "ಶಲವಡಿಯವರ ಮುಂದ ನಾ ಹೆಂಗ ಮಾರಿ ತೋರಸ್ಲಿ?"

ಹಿಂದಿನಿಂದ ಗೆಳತಿಯ ದನಿ ಬಂತು. "ನಗಲಿ ಬಿಡ್ರಿ. ಕೆರ್ಯಾಗ ನೀರಿದ್ರ ನಕ್ಕವರಿಗೂ ಒಂದ ಗ್ಲಾಸ ಕೊಡೂಣು."

"ಸವಳೋ, ಸೀಯೋ?" ಎಂದು ಯಾರೋ ಕೂಗಿದರು. ಸಭೆ ನಕ್ಕಿತು.

ರಸ್ತೆ ಬೇಡ ಎನ್ನುವವರ ಕೈ ಎತ್ತಿಸಿದರು. ಹೆಂಗಸರ ಕಡೆ ಎಲ್ಲ ಕೈಗಳೂ ಮೇಲೆ ಹೋದವು. ಮಳೆಗಾಲದ ಆ ದಾರಿಯ ಕಷ್ಟ ಗೊತ್ತಿದ್ದವರು ಅವರೇ, ಮೊದಲು ಕೈ ಎತ್ತಿದವರೂ ಅವರೇ. ಗಂಡಸರ ಕೈಗಳು ಒಂದೊಂದಾಗಿ ಎದ್ದವು. ಅಂಗಡಿಯವನ ಕೈ ಭುಜದವರೆಗೆ ಬಂದು ಕಿವಿ ತುರಿಸತೊಡಗಿತು. ಅವನ ಹೆಂಡತಿ ಈ ಕಡೆಯಿಂದಲೇ ಗದರಿದಳು. "ಕೈ ಪೂರಾ ಎತ್ತರಿ! ನಾಳೆ ಮನ್ಯಾಗ ಬ್ಯಾಳಿ ಬೇಯಬೇಕೋ, ಬರೇ ಭಜಿ ತಿಂದಕೊಂಡ ಇರತೀರೋ?" ಕೈ ಮೇಲೆ ಹೋಯಿತು.

ಮಂಜೂರಾದ ಸಿಮೆಂಟು ಎಲ್ಲಾದರೂ ಬೀಳಲೇಬೇಕಲ್ಲ. ಅದನ್ನು ಊರಿನ ಇನ್ನೊಂದು ಬದಿಗೆ, ಸ್ಮಶಾನದ ದಾರಿಗೆ ಹಾಕಿದರು. ಈಗ ಅಲ್ಲಿಗೆ ಹೋಗುವುದು ಬಹಳ ಸುಗಮ. ನನಗೆ ಅವಸರವಿಲ್ಲ.

ಆದರೆ ಮಳೆ ಪ್ರತಿ ಶನಿವಾರ ಬರುವುದಿಲ್ಲ. ಅದಕ್ಕೂ ವ್ಯವಸ್ಥೆಯಾಯಿತು. ಕೂಡಿನ ಬಾಜು ಹೊಲದವನದು ಒಂದು ಬೋರು ಇದೆ, ಬೆಳೆಗೂ ಬಾರದ, ಬಾಯಿಗೂ ಬಾರದ ಸವಳು. ಹಕ್ಕಿಗಳಿರುವ ತಿಂಗಳುಗಳಲ್ಲಿ ಶನಿವಾರ ಸಂಜೆ ಅವನು ಪಂಪು ಹಾಕಿ ನೀರನ್ನು ಕೂಡಿನ ದಾರಿಗೆ ಬಿಡುತ್ತಾನೆ. ಮರೆತಾನೆಂದು ನಾನು ಅವನ ಮನೆಯ ಮುಂದೆ ಒಮ್ಮೆ ಹಾದು ಬರುತ್ತೇನೆ. "ನೆನಪೈತ್ರಿ ಅಕ್ಕಾರ," ಎಂದು ಒಳಗಿನಿಂದಲೇ ಕೂಗುತ್ತಾನೆ. ಸವಳು ನೀರಿಗೆ ಕೊನೆಗೂ ಸರಕಾರಿ ಅಲ್ಲದ ಒಂದು ನೌಕರಿ ಸಿಕ್ಕಿತು.

ಕಾರುಗಳು ಕೂಡಿನಲ್ಲಿ ನಿಂತು, ಯೋಚಿಸಿ, ಹಿಂದಕ್ಕೆ ಹೋಗುತ್ತವೆ. ಕೆಲವರು ಮಾತ್ರ ಇಳಿದು ನಡೆಯುತ್ತಾರೆ. ನಾಲ್ಕು ಹೆಜ್ಜೆಗೆ ಚಪ್ಪಲಿ ಮಣ್ಣಿನಲ್ಲಿ ಸಿಕ್ಕುತ್ತದೆ, ಕಿತ್ತು ಕೈಯಲ್ಲಿ ಹಿಡಿಯುತ್ತಾರೆ. ಹೀಗೆ ನಮ್ಮ ನಡಾವಳಿ ಯಾರೂ ಹೇಳದೆ ಪಾಲನೆಯಾಗುತ್ತದೆ: ಕೆರೆ ಮುಟ್ಟುವವರೆಲ್ಲ ಬರಿಗಾಲಲ್ಲೇ ಮುಟ್ಟುತ್ತಾರೆ. ಬೇವಿನ ಬುಡದಲ್ಲಿ ಕಾಲು ತೊಳೆಯಲು ಒಂದು ಪೀಪಾಯಿ ಸವಳು ನೀರು ಇಟ್ಟಿದ್ದೇವೆ. ಮೀಸೆಯ ಕಾವಲುಗಾರ ಅದರ ಪಕ್ಕ ನಿಂತಿರುತ್ತಾನೆ. ನೋಡುವವರು ಕಡಿಮೆಯಾದ್ದರಿಂದ ಸೀಟಿ ಮತ್ತೆ ಊದತೊಡಗಿದ್ದಾನೆ.

ಮೊನ್ನೆ ಭಾನುವಾರ ಒಬ್ಬ ಹೆಣ್ಣುಮಗಳು ಒಬ್ಬಳೇ ಹಾಗೆ ನಡೆದು ಬಂದಳು. ಕಾಲು ತೊಳೆದು, ಏರಿ ಹತ್ತಿ, ಪಾವಟಿಗೆಯ ಮೇಲಿನ ಮೆಟ್ಟಿಲಲ್ಲೇ ನಿಂತು, ಕೆಳಗೆ ಕೊಡ ತುಂಬುತ್ತಿದ್ದ ನಮ್ಮನ್ನು ಕೇಳಿದಳು: "ಅಮ್ಮಾರ, ಕೆಳಗ ಬರಬಹುದಾ? ಕುಡಿಯಾಕ ಒಂದೀಟು ನೀರು ಬೇಕಿತ್ತು."

ಗೆಳತಿ ಅವಳನ್ನು ಕೆಳಗೆ ಕರೆದು, ತನ್ನ ಕೊಡವನ್ನೇ ಎತ್ತಿ ಬಗ್ಗಿಸಿ ಅವಳ ಬೊಗಸೆಗೆ ಸುರಿದಳು. ಅರ್ಧ ಕೊಡ ಖಾಲಿಯಾಯಿತು. ಮತ್ತೆ ಬಗ್ಗಿ ತುಂಬಿಕೊಂಡಳು.

ದಾರಿಯಲ್ಲಿ ನಾನು ಕೆಣಕಿದೆ. "ಕೆರಿಗೆ ಬಂದವರಿಗೆ ಸೀ ನೀರು ಕೊಟ್ಟಿಯಲ್ಲಬೇ."

"ಅಕಿ ಕೆರಿಗೆ ಬಂದಾಕಿ ಅಲ್ರಿ," ಎಂದಳು ಗೆಳತಿ. "ಕೇಳಿದಳು ನೋಡ್ರಿ. ಊರಿಗೆ ಬಂದಾಕಿ." ಎಂದು ನನ್ನ ಕೈ ಹಿಡಿದಳು, ಏಕೆಂದರೆ ಮುಂದೆ ಮಣ್ಣು ಜಾರುತ್ತಿತ್ತು, ಮತ್ತು ಹಿಂದಿನ ಸಂಜೆ ಅದಕ್ಕೆ ನೀರು ಬಿಡಿಸಿದವಳು ನಾನೇ ಆಗಿದ್ದೆ.